ಜೋರಿನ ಪದರ

ಹೊಳೆದಂಡೆಯಲ್ಲಿ ಸಾಲಮನ್ ಮೇಷ್ಟ್ರದು ಒಂದೇ ಕೋಣೆಯ ಮನೆ. ಶಿಷ್ಯರು ಅದನ್ನು ಆಶ್ರಮ ಅನ್ನುತ್ತಿದ್ದರು. ಆಶ್ರಮದಲ್ಲಿ ಇದ್ದದ್ದು ಒಂದು ಮಂಚ, ಒಂದು ಹಳೇ ಬೇಸ್ ಗಿಟಾರು, ಸ್ಯಾಂಪ್ಲರ್ ಎಂಬ ಒಂದು ಪೆಟ್ಟಿಗೆ. ಸದ್ದನ್ನು ಹಿಡಿದಿಟ್ಟುಕೊಂಡು, ಕೀ ಒತ್ತಿದಾಗ ವಾಪಸು ಕೊಡುವುದು ಆ ಪೆಟ್ಟಿಗೆಯ ಕೆಲಸ.

ಲಕ್ವ ಹೊಡೆದು ಮೇಷ್ಟ್ರ ಬಲಗೈ ಸೋತುಹೋಗಿತ್ತು. ಅವರ ಬೇಸಿನ ನಾದ ಉಳಿಯಬೇಕಾದರೆ ಇನ್ನು ಪೆಟ್ಟಿಗೆಯಲ್ಲೇ ಉಳಿಯಬೇಕು. ಆ ಕೆಲಸ ಶಿಷ್ಯೆ ಶಾಂಭವಿಯ ಪಾಲಿಗೆ ಬಂದಿತ್ತು.

"ಪದರ ಪದರವಾಗಿ ಕಟ್ಟಮ್ಮ," ಎಂದಿದ್ದರು ಮೇಷ್ಟ್ರು. "ಮೆಲ್ಲಗೆ ಮೀಟಿದ್ದು ಒಂದು, ಹದವಾಗಿ ಮೀಟಿದ್ದು ಒಂದು, ಜೋರಾಗಿ ಮೀಟಿದ್ದು ಒಂದು. ಬೆರಳು ಕೀ ಮೇಲೆ ಎಷ್ಟು ಜೋರಾಗಿ ಬೀಳುತ್ತೋ, ಪೆಟ್ಟಿಗೆ ಅದಕ್ಕೆ ತಕ್ಕ ಪದರಾನ ನುಡಿಸ್ಬೇಕು."

ಮೊದಲೆರಡು ಪದರ ಚೆನ್ನಾಗಿಯೇ ಬಂದವು. ಮೂರನೆಯದಕ್ಕೆ ಶಾಂಭವಿಗೆ ಕೈಯೇ ಏಳಲಿಲ್ಲ. ದಪ್ಪ ತಂತಿ ಸವೆದು, ಒಂದು ಕಡೆ ಎಳೆ ಬಿಚ್ಚಿಕೊಂಡಿತ್ತು. ಕಿತ್ತುಹೋದರೆ ಹೊಸ ತಂತಿ ಸಿಗುತ್ತದೆ, ಆ ನಾದ ಸಿಗುವುದಿಲ್ಲ.

ಕಡೆಗೆ ಮೆಲ್ಲಗೆ ಮೀಟಿದ್ದನ್ನೇ ನಕಲು ಮಾಡಿ, ವಾಲ್ಯೂಮ್ ಏರಿಸಿ, ಜೋರಿನ ಪದರ ಅಂತ ಇಟ್ಟುಬಿಟ್ಟಳು.

ಮೇಷ್ಟ್ರು ಎಡಗೈಯಲ್ಲಿ ಕೀಗೆ ಒಂದು ಏಟು ಹಾಕಿ ಕೇಳಿದರು.

ಪೆಟ್ಟಿಗೆಯ ಮೈಕಿನ ಹತ್ತಿರ ಬಾಯಿಟ್ಟು "ಹಾವು" ಎಂದು ಪಿಸುಗುಟ್ಟಿದರು. ಅದನ್ನು ಪೆಟ್ಟಿಗೆಗೆ ತುಂಬಿ, ವಾಲ್ಯೂಮ್ ಪೂರ್ತಿ ಏರಿಸಿ, ಕೀ ಒತ್ತಿದರು. ಕಿಟಕಿಯ ಗಾಜು ಅದುರಿತು. ಶಾಂಭವಿ ಸುಮ್ಮನೆ ನಿಂತಿದ್ದಳು.

ಆಮೇಲೆ ಮೇಷ್ಟ್ರು ಅವಳ ಕಾಲ ಬುಡ ನೋಡುತ್ತ ಕಿರುಚಿದರು. "ಹಾವು!"

ಶಾಂಭವಿ ಮಂಚದ ಮೇಲಿದ್ದಳು. ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

"ಇಳಿಯಮ್ಮ, ಹಾವೂ ಇಲ್ಲ, ಏನೂ ಇಲ್ಲ. ಯಾವುದಕ್ಕೆ ಹೆದರಿದೆ?"

"ನೀವು ಕೂಗಿದ್ದಕ್ಕೆ."

"ಪೆಟ್ಟಿಗೆ ನನಗಿಂತ ಜೋರಾಗಿ ಕೂಗ್ತಲ್ಲ?"

"ಅದೆಲ್ಲಿ ಕೂಗ್ತು ಮೇಷ್ಟ್ರೇ? ಪಿಸುಗುಟ್ತು ಅಷ್ಟೇ."

ಹೇಳಿದ ಮೇಲೆ, ತಾನು ಸಿಕ್ಕಿಬಿದ್ದದ್ದು ಅವಳಿಗೆ ತಿಳಿಯಿತು. ತಲೆ ತಗ್ಗಿಸಿದಳು.

"ಭಯ ಆಯ್ತು ಮೇಷ್ಟ್ರೇ. ತಂತಿ ಕಿತ್ತುಹೋದ್ರೆ ನಿಮ್ಮ ನಾದಾನ ನಾನೇ ಕೊಂದಹಾಗೆ."

"ಬರೀ ತಂತಿ ಭಯಾನಾ?"

ಅವಳು ಮಂಚದಿಂದ ಇಳಿದಳು. "ಹುಟ್ಟಿದಾಗಿಂದ ನಾನು ಯಾವುದನ್ನೂ ಜೋರಾಗಿ ಮಾಡಿಲ್ಲ. ಒಂದು ಬಾಗಿಲನ್ನೂ ದಡಾರ್ ಅಂತ ಹಾಕಿಲ್ಲ. ಜೋರು ಅಂದ್ರೇನೇ ಮೈ ನಡುಗುತ್ತೆ."

"ನಡುಗಲಿ. ಮೀಟು."

"ಭಯ ಹೋದ್ಮೇಲೆ ಮೀಟ್ತೀನಿ."

"ಅಷ್ಟರಲ್ಲಿ ನಾನೇ ಹೋಗಿರ್ತೀನಿ."

ಶಾಂಭವಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ಬೆವರಿಗೆ ಬೆರಳು ಜಾರುತ್ತಿತ್ತು. ದುಪಟ್ಟಾಕ್ಕೆ ಒರೆಸಿಕೊಂಡಳು. ಮತ್ತೆ ಬೆವರಿತು. ಮೇಷ್ಟ್ರು ಮೈಕನ್ನು ಅವಳತ್ತ ತಿರುಗಿಸಿ, ರೆಕಾರ್ಡಿನ ಗುಂಡಿ ಒತ್ತಿ ಕಾದರು.

ಕಣ್ಣು ಮುಚ್ಚಿ, ತೋಳಿನಲ್ಲಿ ಇದ್ದಷ್ಟೂ ಬಲ ಹಾಕಿ ಮೀಟಿದಳು. ಗೊತ್ತಿಲ್ಲದೆ ಬಾಯಿಂದ ಒಂದು ಚೀತ್ಕಾರ ಹೊರಟಿತು.

ತಂತಿ ಗುಡುಗಿತು. ನೆಲ, ಮಂಚ, ಅವಳ ಹಲ್ಲು ಎಲ್ಲವೂ ಕಂಪಿಸಿದವು. ಆ ನಾದ ಇಳಿಯುತ್ತ ಇಳಿಯುತ್ತ ಪೂರ್ತಿ ಆರಿದ ಮೇಲೆ, ಟಣ್ ಎಂದು ತಂತಿ ಕಿತ್ತುಹೋಯಿತು.

ಶಾಂಭವಿ ಯಾವುದಕ್ಕೆ ಹೆದರಿದ್ದಳೋ ಅದೇ ಆಗಿಹೋಗಿತ್ತು.

ಮೇಷ್ಟ್ರು ಕೀಗೆ ಏಟು ಹಾಕಿದರು. ಪೆಟ್ಟಿಗೆಯಿಂದ ಅದೇ ಗುಡುಗು ಎದ್ದು ಬಂತು. ಅವರು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು.

"ನಾದ ಸಿಕ್ತು," ಎಂದರು.

"ಆದ್ರೆ ಅದರೊಳಗೆ ನಾನು ಚೀರಿದ್ದೂ ಇದೆ ಮೇಷ್ಟ್ರೇ!" ಶಾಂಭವಿ ಅಳುತ್ತಿದ್ದಳು. "ಇನ್ನೊಂದ್ಸಲ ಮೀಟೋಣ ಅಂದ್ರೆ ತಂತಿ ಇಲ್ಲ. ನಿಮ್ಮ ನಾದದಲ್ಲಿ ನನ್ನ ಭಯ ಯಾಕೆ? ಹೇಗಾದ್ರೂ ಮಾಡಿ ಅದನ್ನ ತೆಗೆದುಬಿಡ್ಲಾ?"

"ಇರಲಿ ಬಿಡಮ್ಮ," ಎಂದರು ಮೇಷ್ಟ್ರು. "ಜೋರಾಗಿ ಒತ್ತಿದೋರಿಗೆ ಮಾತ್ರ ಅದು ಕೇಳ್ಸುತ್ತೆ."