ಕಡವಿನ ಗಡಿಗೆ

"ಗುರುಗಳೇ, ಒಂದು ನಾಡು ಲೋಕಕ್ಕೆ ಎಷ್ಟು ಕೊಟ್ಟಿತು, ತನಗೆ ಎಷ್ಟು ಉಳಿಸಿಕೊಂಡಿತು ಎಂಬುದನ್ನು ಅಳೆಯುವುದು ಹೇಗೆ?"

ಹೀಗೆ ಕೇಳಿದ ಶಿಷ್ಯನಿಗೆ ಅರಮನೆಯಿಂದ ಕರೆ ಬಂದಿತ್ತು. ಗಡಿಯ ಸುಂಕದ ಕಟ್ಟೆಯಲ್ಲಿ ಅವನು ಅಳತೆಯ ಕೆಲಸಕ್ಕೆ ಸೇರಬೇಕಿತ್ತು. ಗಂಟು ಕಟ್ಟಿಯಾಗಿತ್ತು. ಗುರು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಹೊಳೆ. ಈ ದಡ ಒಬ್ಬ ಅರಸನದು, ಆ ದಡ ಇನ್ನೊಬ್ಬನದು. ಈ ದಡದ ಊರಿನವರು ಕುರಿ ಸಾಕುತ್ತಿದ್ದರು, ಕಂಬಳಿ ನೇಯುತ್ತಿದ್ದರು. ಮೊದಲು ಉಣ್ಣೆ ಕತ್ತರಿಸುವುದರಿಂದ ಹಿಡಿದು ಅಂಚು ಹೊಲಿಯುವವರೆಗೆ ಎಲ್ಲ ಕೆಲಸವೂ ಅಲ್ಲೇ ನಡೆಯುತ್ತಿತ್ತು. ಆಮೇಲೆ ಆ ದಡದಲ್ಲಿ ಒಬ್ಬ ವರ್ತಕ ದೊಡ್ಡ ರಾಟೆಗಳನ್ನು ಹೂಡಿದ. ನೂಲುವ ಕೆಲಸ ಅಲ್ಲಿಗೆ ಹೋಯಿತು. ಹುಣಸೆ ಬೀಜದ ಗಂಜಿ ಹಾಕಿ ಕಂಬಳಿಯನ್ನು ಬಿಗಿ ಮಾಡುವ ಕೆಲಸವೂ ಅದರ ಹಿಂದೆಯೇ ಹೋಯಿತು. ಈ ದಡದಲ್ಲಿ ಕುರಿ, ಮಗ್ಗ ಮತ್ತು ಸೂಜಿ ಉಳಿದವು. ನೂಲುವ ಕದಿರುಗಳನ್ನು ಜನ ಒಲೆಗೆ ಹಾಕಿದರು.

ಅಂದಿನಿಂದ ಒಂದು ಕಂಬಳಿ ಸಿದ್ಧವಾಗಬೇಕಾದರೆ ಸರಕು ಈ ದಡದಿಂದ ಮೂರು ಸಲ ಆಚೆ ಹೋಗಬೇಕಿತ್ತು. ನೂಲಲು ಉಣ್ಣೆಯಾಗಿ ಹೋಗುತ್ತಿತ್ತು. ಮಗ್ಗದಿಂದ ಇಳಿದ ಮೇಲೆ ಗಂಜಿಗೆಂದು ಹೋಗುತ್ತಿತ್ತು. ತಿರುಗಿ ಬಂದು, ಅಂಚು ಹೊಲಿಸಿಕೊಂಡು, ವರ್ತಕನ ಮಳಿಗೆಗೆ ಹೋಗುತ್ತಿತ್ತು.

ದೋಣಿ ಹತ್ತುವ ಕಡವಿನಲ್ಲಿ ಅರಸನ ಗುಮಾಸ್ತನೊಬ್ಬ ಕೂರುತ್ತಿದ್ದ. ಆಚೆ ಹೋಗುವ ಸರಕು ಎಷ್ಟು ಬಳ್ಳ ಜೋಳ ಬೆಲೆಬಾಳುತ್ತದೋ ಅಷ್ಟು ಕಲ್ಲುಗಳನ್ನು ಗಡಿಗೆಗೆ ಹಾಕುವುದು ಅವನ ಕೆಲಸ. ಒಂದು ಕಂಬಳಿಗೆ ಸಾಲುವ ಉಣ್ಣೆಗೆ ಎರಡು ಕಲ್ಲು. ನೇಯ್ದದ್ದಕ್ಕೆ ಆರು. ಸಿದ್ಧವಾದ ಕಂಬಳಿಗೆ ಹತ್ತು. ಗುಮಾಸ್ತ ನಿಷ್ಠಾವಂತ. ಜ್ವರ ಬಂದ ದಿನವೂ ಒಂದು ಕಲ್ಲನ್ನೂ ತಪ್ಪಿಸಿದವನಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಚಳಿ ಹುಟ್ಟುವ ಮೊದಲು ಬಡ ಊರುಗಳಿಗೆ ಅರಮನೆಯಿಂದ ಕಂಬಳಿ ಹಂಚುತ್ತಿದ್ದರು. ಯಾವುದು ಬಡ ಊರು ಎಂಬುದನ್ನು ಆಯಾ ಊರಿನ ಗಡಿಗೆ ನೋಡಿ ತೀರ್ಮಾನಿಸುತ್ತಿದ್ದರು. ಆ ವರ್ಷ ಕಡವಿನ ಗಡಿಗೆ ಕಂಠದವರೆಗೆ ತುಂಬಿತ್ತು. ಇಷ್ಟು ಸಿರಿವಂತ ಊರಿಗೆ ದಾನವೇಕೆ ಎಂದು ಅರಸ ಅದರ ಹೆಸರನ್ನು ಪಟ್ಟಿಯಿಂದ ತೆಗೆಸಿದ.

ಆ ಊರಿನಲ್ಲಿ ಮಾಳಪ್ಪ ಎಂಬ ನೇಕಾರನಿದ್ದ. ಅವನ ಹೆಂಡತಿ ಬೀರವ್ವ ಅಂಚು ಹೊಲಿಯುತ್ತಿದ್ದಳು. ನೇಯ್ದದ್ದಕ್ಕೆ ಒಂದು ಬಳ್ಳ ಜೋಳ, ಹೊಲಿದದ್ದಕ್ಕೆ ಒಂದು ಬಳ್ಳ. ಬಂದದ್ದು ಊಟಕ್ಕೆ ಸರಿಹೋಗುತ್ತಿತ್ತು. ಉಣ್ಣೆಯ ಧೂಳು ಕುಡಿದು ಮಾಳಪ್ಪನ ಎದೆ ಕೆಟ್ಟಿತ್ತು. ಇನ್ನೊಂದು ಚಳಿಗಾಲವನ್ನು ಬರಿಮೈಯಲ್ಲಿ ಕಳೆದರೆ ಉಳಿಯುವುದಿಲ್ಲ ಎಂದು ವೈದ್ಯ ಹೇಳಿದ್ದ. ಅವರ ಹಳೆಯ ಕಂಬಳಿ ಸವೆದು ಬಲೆಯಂತಾಗಿತ್ತು. ಈ ಸಲದ ದಾನ ಬರಲಿಲ್ಲವೆಂದು ತಿಳಿದಾಗ ಬೀರವ್ವ ಕಡವಿಗೆ ಬಂದು ಕಾರಣ ಕೇಳಿದಳು.

ಗುಮಾಸ್ತ ಗಡಿಗೆಯನ್ನು ತೋರಿಸಿದ. "ನೋಡವ್ವ, ನಿಮ್ಮೂರಿನಿಂದ ಹೋದಷ್ಟು ಸರಕು ರಾಜ್ಯದಲ್ಲಿ ಇನ್ನೆಲ್ಲಿಂದಲೂ ಹೋಗಿಲ್ಲ."

ಬೀರವ್ವ ಬಗ್ಗಿ ನೋಡಿದಳು. "ಹೌದಲ್ಲ ಸ್ವಾಮಿ, ತುಂಬಿದೆ. ಇದರಲ್ಲಿ ನಮ್ಮ ಪಾಲಿನ ಕಲ್ಲು ಯಾವುವೋ ತೆಗೆದುಕೊಡಿ. ನನ್ನ ಗಂಡನಿಗೆ ಹೊದಿಸುತ್ತೇನೆ."

ದೋಣಿಯವರು ನಕ್ಕರು. ಗುಮಾಸ್ತನಿಗೆ ನಗು ಬರಲಿಲ್ಲ. ಅವಳ ಪಾಲಿನ ಕಲ್ಲು ಯಾವುವು ಎಂಬುದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವನು ಒಂದು ಕಂಬಳಿಗಾಗುವಷ್ಟು ಉಣ್ಣೆಯ ಮೂಟೆಗೆ ಕೆಂಪು ದಾರ ಕಟ್ಟಿದ. ಉಣ್ಣೆ ನೂಲಾದರೂ ನೂಲು ಕಂಬಳಿಯಾದರೂ ಆ ದಾರ ಅದರ ಜೊತೆಗೇ ಇರಬೇಕೆಂದು ಎರಡೂ ದಡದವರಿಗೆ ಹೇಳಿದ. ದಾರ ಮೂರು ಸಲ ಅವನ ಮುಂದೆ ಆಚೆ ಹೋಯಿತು. ಮೂರು ಸಲವೂ ಅವನು ಆ ಕಲ್ಲುಗಳನ್ನು ಬೇರೆಯಾಗಿ ಇಟ್ಟ. ಒಟ್ಟು ಹದಿನೆಂಟು. ಕಂಬಳಿಯ ಬೆಲೆ ಹತ್ತೇ ಬಳ್ಳ. ಆಮೇಲೆ ಅವನು ಮನೆಮನೆಗೆ ಹೋಗಿ, ಆ ಒಂದು ಕಂಬಳಿಯಿಂದ ಊರಿನಲ್ಲಿ ಏನು ಉಳಿಯಿತೆಂದು ವಿಚಾರಿಸಿದ. ಕುರಿಗಾರನಿಗೆ ಎರಡು ಬಳ್ಳ, ಮಾಳಪ್ಪನಿಗೆ ಒಂದು, ಬೀರವ್ವನಿಗೆ ಒಂದು. ಅಷ್ಟೇ.

ಒಂದು ಸಲದ ಅಳತೆಯನ್ನು ನಂಬಬಾರದೆಂದು ಅವನು ಇನ್ನೆರಡು ಮೂಟೆಗಳನ್ನು ಹಾಗೆಯೇ ಹಿಂಬಾಲಿಸಿದ. ಅದೇ ಸಂಖ್ಯೆ ಬಂತು. ಅಷ್ಟರಲ್ಲಿ ಚಳಿ ಬಲಿತಿತ್ತು.

ಗುಮಾಸ್ತ ಮೂರು ದಿನ ನಡೆದು ಅರಮನೆ ತಲುಪಿದ. ಊರಿನಲ್ಲಿ ಉಳಿದದ್ದನ್ನು ಮಾತ್ರ ಅಳೆಯುವ ಒಂದು ಸಣ್ಣ ಗಡಿಗೆಯನ್ನು ಅರಸನ ಮುಂದಿಟ್ಟು, ಎಲ್ಲವನ್ನೂ ವಿವರಿಸಿ, ಊರಿಗೆ ಕಂಬಳಿ ಬೇಡಿದ. ಅರಸ ಬುದ್ಧಿವಂತ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ.

"ನಿನ್ನ ಅಳತೆ ಸರಿಯಪ್ಪ. ಆದರೆ ಅರಸರ ಸಭೆಯಲ್ಲಿ ಆಸನ ಹಾಕುವುದು ಗಡಿಗೆಯ ಗಾತ್ರ ನೋಡಿ. ಎಲ್ಲರೂ ದೊಡ್ಡದನ್ನೇ ಹೊತ್ತು ತರುತ್ತಾರೆ. ನಾನೊಬ್ಬ ಇದನ್ನು ಹಿಡಿದು ಹೋಗಿ ಬಾಗಿಲ ಬಳಿ ಕೂರಲೇ?"

ಕಂಬಳಿ ಕೊಟ್ಟರೆ ದೊಡ್ಡ ಗಡಿಗೆ ತಪ್ಪೆಂದು ಒಪ್ಪಿದಂತಾಗುತ್ತದೆ ಎಂದು ಹೇಳಿ ಅರಸ ಅದನ್ನೂ ಕೊಡಲಿಲ್ಲ. ಗುಮಾಸ್ತ ರಾಜಧಾನಿಯ ಪೇಟೆಯಲ್ಲಿ ತನ್ನ ಸಂಬಳದಿಂದ ಒಂದು ಕಂಬಳಿ ಕೊಂಡು ಹಿಂತಿರುಗಿದ.

ಬೀರವ್ವನ ಮನೆಯ ಮುಂದೆ ಜನ ಸೇರಿದ್ದರು. ಮಾಳಪ್ಪ ಆ ದಿನ ಬೆಳಗಿನ ಜಾವ ಸತ್ತಿದ್ದ. ಅವನ ಮೇಲೆ ಒಂದು ಗೋಣಿಚೀಲವಿತ್ತು. ಪಕ್ಕದಲ್ಲೇ ಅಂಚು ಹೊಲಿದ ಮೂರು ಕಂಬಳಿಗಳು ಮಡಚಿದಂತೆಯೇ ಇದ್ದವು. ಅವುಗಳಲ್ಲಿ ಒಂದನ್ನಾದರೂ ಹೊದಿಸಬಾರದಿತ್ತೇ ಎಂದು ಗುಮಾಸ್ತ ಕೇಳಿದ. ಅವು ವರ್ತಕನವು, ಹೊದ್ದು ಮಾಸಿದ್ದನ್ನು ಕಳಿಸಿದರೆ ನಾಳೆಯಿಂದ ನೂಲು ಬರುವುದಿಲ್ಲ, ಗಂಡನೇ ಬೇಡವೆಂದ ಎಂದಳು ಬೀರವ್ವ.

ಗುಮಾಸ್ತ ತಾನು ತಂದದ್ದನ್ನು ಚಾಚಿದ. ಅವಳು ಅದನ್ನು ಬಿಡಿಸಿ, ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ತಿರುಗಿಸಿ ಇನ್ನೊಂದು ಬದಿಯನ್ನು ನೋಡಿದಳು.

"ಇದು ಅವನೇ ನೇಯ್ದದ್ದು," ಎಂದಳು.

ಅದನ್ನೇ ಹೊದಿಸಿ ಮಣ್ಣು ಮಾಡಿದರು.

ಮರುದಿನ ದೋಣಿ ಬಂತು. ಆ ಮೂರು ಕಂಬಳಿಗಳು ಆಚೆ ಹೋದವು. ಗುಮಾಸ್ತ ಮೂವತ್ತು ಕಲ್ಲು ಎಣಿಸಿ ಗಡಿಗೆಗೆ ಹಾಕಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಗಂಟಿನ ಕಡೆಗೆ ನೋಡಿದ. ಹಾಗಾದರೆ ಆ ಗುಮಾಸ್ತ ಅಷ್ಟು ವರ್ಷ ಸುಳ್ಳು ಲೆಕ್ಕ ಇಟ್ಟನೇ ಎಂದು ಕೇಳಿದ.

"ಇಲ್ಲ," ಎಂದರು ಗುರು, "ಒಂದು ಕಲ್ಲೂ ಸುಳ್ಳಾಗಿರಲಿಲ್ಲ."