ಬಾಲ್ಕನಿಗೆ ಬಿದ್ದ ಹಾರ

ಪೇಟೆ ಚೌಕದಲ್ಲಿ ಅರಸರ ಕಾಲದ ಪುರಭವನ. ಅದರ ಕಲ್ಲಿನ ಬಾಲ್ಕನಿಯ ನೆರಳಲ್ಲಿ ಸಣ್ಣಮ್ಮ ಹೂವು ಮಾರುತ್ತಿದ್ದಳು. ಹೊಸದಾಗಿ ಗೆದ್ದ ಪುರಸಭೆ ಅಧ್ಯಕ್ಷ ಗುರುಮಲ್ಲಪ್ಪನವರಿಗೆ ಬಾಲ್ಕನಿ ಒಡೆದು ಮುಂಭಾಗಕ್ಕೆಲ್ಲ ಗಾಜು ಹಾಕಿಸುವ ಹುಮ್ಮಸ್ಸು ಬಂತು.

"ನಾಳೆಯೇ ಕೆಲಸ ಶುರು. ಜಾಗ ಖಾಲಿ ಮಾಡಮ್ಮ," ಎಂದರು.

"ಆಗಲಿ ಬುದ್ಧಿ. ಗೆದ್ದವರಿಗೆಲ್ಲ ಈ ಬಾಲ್ಕನೀಲೇ ಹಾರ ಹಾಕೋದು. ಕೊನೇ ಸಲ ನಿಮಗೂ ಹಾಕಿಬಿಡ್ತೀನಿ, ಬನ್ನಿ."

ಅಧ್ಯಕ್ಷರು ಉಬ್ಬಿ ಮೆಟ್ಟಿಲೇರಿದರು. ದೊಡ್ಡ ಸೇವಂತಿಗೆ ಹಾರ ಹಿಡಿದ ಸಣ್ಣಮ್ಮ ಮೊದಲು ಬಾಲ್ಕನಿಗೆ ಹೋದವಳೇ, ಅವರನ್ನು ಒಳಗೇ ಬಿಟ್ಟು ಗಾಜಿನ ಬಾಗಿಲು ಎಳೆದುಕೊಂಡಳು. ಕೆಳಗೆ ಇಡೀ ಪೇಟೆ ತಲೆಯೆತ್ತಿ ನಿಂತಿತು.

"ಕತ್ತು ಬಗ್ಗಿಸಿ ಬುದ್ಧಿ."

ಬಗ್ಗಿಸಿದರು. ಹಣೆ ಗಾಜಿಗೆ ಟಕ್ಕೆಂದು ಬಡಿಯಿತು.

"ಗಾಜು ಅಡ್ಡ ಇದೆಯಲ್ಲಮ್ಮ!"

"ಮುಂದಿನ ಸಲ ಗೆದ್ದಾಗಲೂ ಇರುತ್ತಲ್ಲ ಬುದ್ಧಿ. ಬೇಕರಿ ಕೇಕಿನ ಥರ ಜನ ನಿಮ್ಮನ್ನ ನೋಡಿಕೊಂಡು ಹೋಗ್ತಾರೆ."

ಅಧ್ಯಕ್ಷರು ಬಾಗಿಲು ತಳ್ಳಿಕೊಂಡು ಹೊರಬಂದರು. ಜನ ಹೋ ಎಂದು ಕೂಗಿದರು. ಅವರ ಕೈ ತಾನಾಗಿಯೇ ಮೇಲೆದ್ದು ಬೀಸಿತು, ಬೀಸುತ್ತಲೇ ಇತ್ತು.

"ಒಡೆಯೋದು ಬೇಡ. ಸುಣ್ಣ ಬಳಿದರೆ ಸಾಕು," ಎಂದು ಮತ್ತೆ ಕತ್ತು ಬಗ್ಗಿಸಿ ನಿಂತರು.

ಸಣ್ಣಮ್ಮ ಹಾರವನ್ನು ಬಾಲ್ಕನಿಯ ಕಂಬಿಗೆ ಕಟ್ಟಿದಳು.

"ಗೆದ್ದವರಿಗೆ ತಾನೇ ಹಾಕೋದು, ಬುದ್ಧಿ?"