ಎಲೆಗೆ ಕೈ ಅಡ್ಡ ಹಿಡಿದ ಬ್ಯಾಟರಿ

ಲಗ್ನಪತ್ರಿಕೆ ಮಾಡಿಕೊಡುವ ಸುಗುಣಮ್ಮನ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಒಂದು ಬ್ಯಾಟರಿ ಇತ್ತಂತೆ. ಅದಕ್ಕೆ ಬಡಿಸೋಳು ಚಾರ್ಜರಮ್ಮ. ನೂರಕ್ಕೆ ನೂರು ತುಂಬಿದ್ದರೂ ಪಕ್ಕ ಬಿಟ್ಟು ಏಳದೆ, "ಇನ್ನೊಂದು ತುತ್ತು, ನನ್ನ ರಾಜ" ಅನ್ನೋಳು. ಉಂಡೂ ಉಂಡೂ ಬ್ಯಾಟರಿಗೆ ಮೈಯೆಲ್ಲ ಬಿಸಿ, ವರ್ಷದೊಳಗೇ ಏದುಸಿರು.

ರಿಪೇರಿಯವನು ನೋಡಿ, "ಸದಾ ತುಂಬಿಸಿಟ್ಟು ಸೊರಗಿಸಿದ್ದೀರಮ್ಮ. ಇನ್ನೊಮ್ಮೆ ಕೈಕೊಟ್ಟರೆ ಕಿತ್ತು ಬೇರೆ ಹಾಕೋಣ" ಅಂದ. ಬ್ಯಾಟರಿ ಅದನ್ನು ಕೇಳಿಸಿಕೊಂಡಿತು.

ಅವತ್ತಿನಿಂದ ನೂರಕ್ಕೆ ಎಂಬತ್ತಾಗುತ್ತಲೇ ಅದು ಎಲೆಗೆ ಎರಡೂ ಕೈ ಅಡ್ಡ ಹಿಡಿಯತೊಡಗಿತು. "ಸಾಕು ಅತ್ತೆ."

"ಅಯ್ಯೋ, ನನ್ನ ಕೈಯೂಟ ಬೇಜಾರಾಯ್ತೇನೋ?"

"ಊಟ ಅಮೃತವೇ ಅತ್ತೆ. ಉಂಡವನು ನಾಲ್ಕು ಹೆಜ್ಜೆ ಓಡಾಡಬೇಡವೇ?"

ಚಾರ್ಜರಮ್ಮ ಮುಖ ಊದಿಸಿಕೊಂಡಳು.

ಒಂದು ಮಧ್ಯಾಹ್ನ ಮದುಮಗಳ ಅಪ್ಪ ಎದುರಿಗೇ ಕೂತು ಪತ್ರಿಕೆ ಬರೆಸುತ್ತಿದ್ದಾಗ ಕರೆಂಟು ಹೋಯಿತು. ಚಾರ್ಜರಮ್ಮನ ಪಾತ್ರೆ ಖಾಲಿ. ಬ್ಯಾಟರಿ ಮಾತ್ರ ಸೊಂಟ ಕಟ್ಟಿ, ಮನೆದೇವರಿಂದ ಹಿಡಿದು ಕೊನೆಯ ಸೋದರಮಾವನ ಹೆಸರಿನವರೆಗೂ ಹೊತ್ತು ನಡೆಯಿತು.

"ಬ್ಯಾಟರಿ ಗಟ್ಟಿಯಾಗಿದೆ, ಇದೇ ಇರಲಿ" ಅಂದಳು ಸುಗುಣಮ್ಮ.

ಕರೆಂಟು ಬಂದದ್ದೇ ಚಾರ್ಜರಮ್ಮ ಓಡೋಡಿ ಬಂದು ಬಡಿಸಿದಳು. ಎಂಬತ್ತಕ್ಕೆ ತಾನೇ ಸೌಟು ಎತ್ತಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

"ಒಂದು ಲೋಟ ಮಜ್ಜಿಗೆ ಆದ್ರೂ ಕುಡಿಯಲ್ವೇನೋ?"